ಗಾರ್ಮೆಂಟ್ಸ್ ಚಿಂದಿಯ ಹಲಗೆ: ಸಿಮೆಂಟೋ, ರೆಸಿನ್ನೋ, ಗೊಬ್ಬರದ ಚೀಲವೋ?

ಹಾಸನದ ಗಾರ್ಮೆಂಟ್ಸ್‌ಗಳ ಕಟಿಂಗ್ ವೇಸ್ಟ್‌ನಲ್ಲಿ ಬಿಳಿ ಹತ್ತಿಯ ತುಂಡಿಗೆ ಗಿರಾಕಿ ಇದ್ದಾರೆ, ಮೆಕ್ಯಾನಿಕ್‌ಗಳು ಕೈ ಒರೆಸಲು ಒಯ್ಯುತ್ತಾರೆ. ಪಾಲಿಯೆಸ್ಟರ್ ಬೆರೆತ ಬಣ್ಣದ ಚಿಂದಿಯನ್ನು ಕೇಳುವವರಿಲ್ಲ. ಅದರಿಂದ ಹಲಗೆ ಮಾಡಬೇಕೆಂದು ಒಂದೇ ಮೂಟೆಯ ಚಿಂದಿಗೆ ಮೂರು ಬಗೆಯ ಅಂಟು ಹಾಕಿ ನೋಡಿದೆ.

ಸಿಮೆಂಟ್ ಅಗ್ಗ, ಬೆಂಕಿಗೆ ಹೆದರುವುದಿಲ್ಲ. ಆದರೆ ಹಲಗೆ ಬಲು ಭಾರ. ಸಿಮೆಂಟಿನ ಕ್ಷಾರ ಹತ್ತಿಯ ನಾರನ್ನು ವರ್ಷ ಕಳೆದಂತೆ ತಿಂದುಹಾಕುತ್ತದೆ. ಇದನ್ನು ಅಲ್ಲಿಗೇ ಬಿಟ್ಟೆ.

ಫೈಬರ್‌ಗ್ಲಾಸ್ ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ರೆಸಿನ್ (ಕಲಸಿದ ಮೇಲೆ ಗಟ್ಟಿಯಾಗುವ ದ್ರವ ಅಂಟು) ಕೊಡುವ ನುಣುಪು ಬೇರೆ ಯಾವುದಕ್ಕೂ ಬರದು. ಬಾಗಿದ ಅಚ್ಚಿಗೂ ಸಲೀಸಾಗಿ ಕೂರುತ್ತದೆ, ಟೇಬಲ್ ಮೇಲ್ಭಾಗಕ್ಕೆ ಹೇಳಿಮಾಡಿಸಿದ್ದು. ಅರಳೆಯಂತೆ ಬಿಡಿಸಿದ ಚಿಂದಿ ಮಾತ್ರ ರೆಸಿನ್ ವಿಪರೀತ ಕುಡಿಯುತ್ತದೆ, ಖರ್ಚೆಲ್ಲ ಅಲ್ಲೇ. ರೆಸಿನ್‌ನಲ್ಲಿರುವ ಸ್ಟೈರೀನ್ ದ್ರಾವಕದ ವಾಸನೆಗೆ ತಲೆ ಸಿಡಿಯುತ್ತದೆ, ಕಿಟಕಿ ತೆರೆದೇ ಕೆಲಸ ಮಾಡಬೇಕು. ರೆಸಿನ್ ಗಟ್ಟಿಯಾಗಲು ಹಾಕುವ ಹಾರ್ಡ್‌ನರ್ ಮತ್ತು ಅದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣ ಎರಡನ್ನೂ ನೇರವಾಗಿ ಬೆರೆಸಲೇಬೇಡಿ, ಸ್ಫೋಟವಾಗಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್. ಒಮ್ಮೆ ಗಟ್ಟಿಯಾದ ರೆಸಿನ್ ಮತ್ತೆ ಕರಗದು. ಮುರಿದ ಹಲಗೆ ಕಸವೇ.

ನನ್ನ ಮನಸ್ಸು ಗೆದ್ದದ್ದು ಖಾಲಿ ಗೊಬ್ಬರದ ಚೀಲ. ಅದು ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್, ಸುಮಾರು 165 ಡಿಗ್ರಿಗೆ ಕರಗುತ್ತದೆ. ತೊಳೆದು ಒಣಗಿಸಿದ ಚೀಲ ಒಂದು ಪದರ, ಚಿಂದಿ ಒಂದು ಪದರ ಹಾಸಿ 180 ಡಿಗ್ರಿಯ ಬಿಸಿ ಪ್ರೆಸ್‌ನಲ್ಲಿ ಅದುಮಿದರೆ ಚೀಲ ಕರಗಿ ನಾರಿನೊಳಗೆ ಇಳಿಯುತ್ತದೆ. ಪಾಲಿಯೆಸ್ಟರ್ ಕರಗಲು 250 ದಾಟಬೇಕು, ಹಾಗಾಗಿ ಅದು ನಾರಾಗಿಯೇ ಉಳಿದು ಬಲ ಕೊಡುತ್ತದೆ. ಯಾರಿಗೂ ಬೇಡವಾದ ಬೆರಕೆ ಬಟ್ಟೆಗೆ ಇಲ್ಲಿ ಬೆಲೆ ಬಂತು! ಶಾಖ 200 ದಾಟಿದರೆ ಹತ್ತಿ ಕಂದುತ್ತದೆ, ಕಮಟು ವಾಸನೆ ಬರುತ್ತದೆ.

ಗುಟ್ಟಿರುವುದು ಒಣಗಿಸುವುದರಲ್ಲಿ. ಸಾಧಾರಣ ಹವೆಯಲ್ಲೇ ಹತ್ತಿ ತನ್ನ ತೂಕದ ಶೇ. 7–8ರಷ್ಟು ನೀರು ಹಿಡಿದಿರುತ್ತದೆ; ನಮ್ಮ ಆಷಾಢದಲ್ಲಿ ಇನ್ನೂ ಹೆಚ್ಚು. ಒಣಗಿಸದ ಚಿಂದಿಯ ಹಲಗೆಯನ್ನೂ 105 ಡಿಗ್ರಿಯಲ್ಲಿ ಒಣಗಿಸಿದ್ದರ ಹಲಗೆಯನ್ನೂ ಅಡ್ಡ ಕೊಯ್ದು ಪಕ್ಕಪಕ್ಕ ಇಟ್ಟೆ. ಮೊದಲನೆಯದರ ನಡುವೆ ಆವಿ ಬಿಟ್ಟ ಸಾಲುಸಾಲು ಗುಳ್ಳೆ, ಉಗುರು ಹಾಕಿದರೆ ಪದರ ಬಿಚ್ಚಿತು. ಎರಡನೆಯದು ಗರಗಸಕ್ಕೂ ಜಗ್ಗಲಿಲ್ಲ.

ಸಕಲೇಶಪುರದ ಕಡೆ ಕೊಟ್ಟಿಗೆಗೋ ಗೋದಾಮಿಗೋ ಅಡ್ಡಗೋಡೆ ಬೇಕೆಂದವರಿಗೆ ಚೀಲದ ಹಲಗೆಯನ್ನೇ ಹೇಳುತ್ತೇನೆ. ಕೊಯ್ದ ಅಂಚಿನಿಂದ ನೀರು ಏರುತ್ತದೆ, ಅಲ್ಲಿಗೆ ಬಣ್ಣ ಬಳಿಯಲೇಬೇಕು. ನೇರ ಬಿಸಿಲಿಗೆ ಪಾಲಿಪ್ರೊಪಿಲೀನ್ ಪುಡಿಯಾಗುತ್ತದೆ, ಮಾಡಿನ ಕೆಳಗಿರಲಿ. ಒಲೆಯ ಹತ್ತಿರವಂತೂ ಬೇಡ. ಮೊಳೆ ಹೊಡೆಯದೆ ತೂತು ಕೊರೆದು ಸ್ಕ್ರೂ ಬಿಗಿಯಿರಿ. ಉಳಿದ ತುಂಡುಗಳನ್ನು ಎಸೆಯಬೇಡಿ, ಮುಂದಿನ ಹಲಗೆಯ ನಡುವೆ ಹಾಕಿ ಮತ್ತೆ ಪ್ರೆಸ್ ಮಾಡಬಹುದು.