ಮರಿಯೋ, ಬೆಳೆದ ನಾಯಿಯೋ? ಎರಡನ್ನೂ ಸಾಕಿ ನೋಡಿದ ಮೇಲೆ

ನಾಯಿ ದತ್ತು ತಗೊಳ್ಳಬೇಕು ಅಂತ ಬರುವವರಲ್ಲಿ ಹೆಚ್ಚಿನವರು ಕೇಳುವುದು ಒಂದೇ: "ಮರಿ ಇದ್ದರೆ ಹೇಳಿ." ನಾನೂ ಹಾಗೇ ಕೇಳಿದ್ದೆ. ಈಗ ನಮ್ಮ ಮೈಸೂರಿನ ಮನೆಯಲ್ಲಿ ಎರಡು ನಾಯಿ ಇವೆ, ಎರಡೂ ಬೀದಿಯವು. ಚಿನ್ನು ಬಂದಾಗ ಅವಳಿಗೆ ಒಂದೂವರೆ ತಿಂಗಳು. ಅವಳು ಬಂದು ಎರಡು ವರ್ಷದ ಮೇಲೆ ಕರಿಯ ಬಂದ. ಅವನಿಗೆ ಆಗಲೇ ನಾಲ್ಕು ವರ್ಷ ಇರಬಹುದು ಅಂತ ಹಲ್ಲು ನೋಡಿ ಡಾಕ್ಟರ್ ಹೇಳಿದರು.

ಮೊದಲು ಚಿನ್ನು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು, ಜಲ್ಲಿ ರಾಶಿ ಹಿಂದೆ ಎರಡು ಮರಿ ಕುಂಯ್‌ಗುಡುತ್ತಿದ್ದವು. ಒಂದನ್ನು ನಾನು ತಂದೆ, ಇನ್ನೊಂದನ್ನು ಎದುರು ಬೀದಿಯವರು ಒಯ್ದರು. ತಂದ ದಿನವೇ ಹಾಲು, ಬಿಸ್ಕತ್ತು ಕೊಟ್ಟೆ. ಎಲ್ಲರೂ ಮಾಡುವುದು ಅದನ್ನೇ ಅಲ್ವಾ? ರಾತ್ರಿಯಿಡೀ ಭೇದಿ. ಹಸುವಿನ ಹಾಲು ಮರಿಗಳ ಹೊಟ್ಟೆಗೆ ಸುಲಭವಾಗಿ ಒಗ್ಗುವುದಿಲ್ಲ ಅಂತ ಮರುದಿನ ಡಾಕ್ಟರ್ ಹತ್ತಿರ ಬೈಸಿಕೊಂಡ ಮೇಲೆ ಗೊತ್ತಾಯಿತು. ಆಮೇಲೆ ಮೆತ್ತಗೆ ಬೆಂದ ಅನ್ನ, ಬೇಯಿಸಿದ ಕೋಳಿ, ಮೊಟ್ಟೆ.

ಮರಿಗೆ ಬೇಕಾಗುವುದು ದುಡ್ಡಿಗಿಂತ ಜಾಸ್ತಿ ಸಮಯ. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಜಾಸ್ತಿ ಉಚ್ಚೆ ತಡೆಯಲಾರದು. ರಾತ್ರಿಯೂ ಅಷ್ಟೇ. ಸುಮಾರು ಎರಡು ತಿಂಗಳು ನಾನು ಮತ್ತು ನಮ್ಮ ಮನೆಯವರು ಪಾಳಿ ಹಾಕಿಕೊಂಡು, ಹನ್ನೆರಡಕ್ಕೆ ಒಬ್ಬರು, ಎರಡೂವರೆಗೆ ಒಬ್ಬರು, ಐದಕ್ಕೆ ಮತ್ತೆ ಒಬ್ಬರು ಎದ್ದು ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗುತ್ತಿದ್ದೆವು. ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ ಸಂಜೆ ಆರಕ್ಕೆ ಬರುವ ಮನೆಯಾದರೆ ದಯವಿಟ್ಟು ಮರಿ ತರಬೇಡಿ. ನಮ್ಮ ಮನೆಯಲ್ಲಿ ಹಗಲು ಅತ್ತೆ ಇದ್ದರು, ಅದಕ್ಕೇ ನಡೆಯಿತು.

ಚುಚ್ಚುಮದ್ದಿನ ವಿಷಯದಲ್ಲಂತೂ ಒಂದು ದಿನವೂ ಮುಂದಕ್ಕೆ ಹಾಕಬಾರದು. ಆರರಿಂದ ಎಂಟು ವಾರದೊಳಗೆ ಮೊದಲನೆಯದು, ಆಮೇಲೆ ಮೂರ್ನಾಲ್ಕು ವಾರಕ್ಕೊಮ್ಮೆ ಬೂಸ್ಟರ್, ಮೂರು ತಿಂಗಳಿಗೆ ರೇಬೀಸ್‌ನದ್ದು. ಇದೆಲ್ಲ ಮುಗಿಯುವ ತನಕ ಬೀದಿ ಮಣ್ಣಿಗೆ ಬಿಡುವ ಹಾಗಿಲ್ಲ, ಯಾಕೆಂದರೆ ಮರಿಗಳಿಗೆ ರಕ್ತಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಎದುರು ಬೀದಿಯವರು ಮುಂದಿನ ವಾರ ಹಾಕಿಸೋಣ ಅಂತಿದ್ದರು. ಆ ಮರಿಗೆ ರಕ್ತಭೇದಿ ಶುರುವಾಗಿ ನಾಲ್ಕೇ ದಿನ. ಅದನ್ನು ಮಣ್ಣು ಮಾಡಿದ ಸಂಜೆ ಅವರ ಮಗಳು ನಮ್ಮ ಮನೆಗೆ ಬಂದು ಚಿನ್ನುವನ್ನು ಮಡಿಲಲ್ಲಿ ಹಾಕಿಕೊಂಡು ಸುಮ್ನೆ ಕೂತಿದ್ದಳು.

ಆದರೆ ಮರಿ ಕೊಡುವ ಸಂತೋಷ ಬೇರೆಯೇ. ಒಂದು ಬೆಳಿಗ್ಗೆ ಕಸ ಗುಡಿಸುವಾಗ ಚಾಪೆ ಮೇಲೆ ಅಕ್ಕಿಕಾಳಿನಂಥದ್ದೇನೋ ಸಿಕ್ಕಿತು. ಎತ್ತಿ ನೋಡಿದರೆ ಅವಳ ಹಾಲುಹಲ್ಲು. ತುದಿ ಇನ್ನೂ ಚೂಪಾಗಿತ್ತು. ಅದನ್ನು ಕುಂಕುಮದ ಭರಣಿಯಲ್ಲಿ ಇಟ್ಟಿದ್ದೇನೆ. ಇನ್ನೊಂದು ಲಾಭವೂ ಇದೆ. ಮೊದಲ ಮೂರ್ನಾಲ್ಕು ತಿಂಗಳಲ್ಲಿ ಕಂಡದ್ದಕ್ಕೆ, ಕೇಳಿದ್ದಕ್ಕೆ ನಾಯಿ ಬೇಗ ಹೊಂದಿಕೊಳ್ಳುತ್ತದೆ. ದಿನಾ ಎತ್ತಿಕೊಂಡು ಗೇಟಿನಲ್ಲಿ ನಿಂತು ಆಟೋ, ಹಾಲಿನ ಗಾಡಿ, ಹೆಲ್ಮೆಟ್ ಹಾಕಿದವರು, ಶಾಲೆ ಮಕ್ಕಳು ಎಲ್ಲವನ್ನೂ ತೋರಿಸಿದ್ದೆ. ಅವಳಿಗೆ ಇವತ್ತಿಗೂ ಯಾವ ಸದ್ದಿನ ಭಯವೂ ಇಲ್ಲ.

ಕರಿಯನದು ಬೇರೆ ಕಥೆ. ಬೈಕ್ ತಾಗಿ ಹಿಂಗಾಲು ಮುರಿದಿತ್ತು. ನಮ್ಮ ಬೀದಿಗೆ ಹೂವು ಮಾರಲು ಬರುವ ಅಮ್ಮ ಅವನಿಗೆ ವರ್ಷಗಳಿಂದ ತನ್ನ ಬುತ್ತಿಯ ಅನ್ನ ಹಾಕುತ್ತಿದ್ದರು. ಅವರೇ ಬಂದು, "ಅಕ್ಕಾ, ಕಾಲು ವಾಸಿಯಾಗೋ ತನಕ ಇಟ್ಕೊಳ್ಳಿ" ಅಂದರು. ಕಿವಿಯ ತುದಿ ಕತ್ತರಿಸಿತ್ತು, ಅಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಲೇ ಆಗಿದೆ ಅಂತ ಅರ್ಥ. ಚಿನ್ನುಗೆ ಅದೇ ಆಪರೇಷನ್‌ಗೆ ಔಷಧಿ, ಬೆಲ್ಟು ಸೇರಿ ನನಗೆ 8 ಸಾವಿರ ಖರ್ಚಾಗಿತ್ತು.

ಅತ್ತೆ ಮೊದಲು ಒಪ್ಪಲಿಲ್ಲ. ಬೆಳೆದ ನಾಯಿ, ಕಚ್ಚಿದರೆ? ಅಂದರು. ಆದರೆ ಅವನು ಮನೆಯೊಳಗೆ ಒಂದು ದಿನವೂ ಗಲೀಜು ಮಾಡಲಿಲ್ಲ. ಚಪ್ಪಲಿ ಮುಟ್ಟಲಿಲ್ಲ, ತುಳಸಿ ಕಟ್ಟೆ ಕೆದಕಲಿಲ್ಲ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ಉಳಿದ ಹೊತ್ತು ಮೆಟ್ಟಿಲ ಕೆಳಗೆ ನಿದ್ದೆ. ಚಿನ್ನು ಒಂದು ವರ್ಷದಲ್ಲಿ ಕಲಿತದ್ದು ಅವನಿಗೆ ಬರುವಾಗಲೇ ಗೊತ್ತಿತ್ತು.

ಕಷ್ಟ ಬೇರೆ ಕಡೆ ಇತ್ತು. ಮೂರು ದಿನ ಅವನು ನಮ್ಮೆದುರು ಊಟ ಮಾಡಲಿಲ್ಲ. ಪೊರಕೆ ಎತ್ತಿದರೆ ಸಾಕು, ನೆಲಕ್ಕೆ ಅಂಟಿಕೊಂಡು ಬಿಡುತ್ತಿದ್ದ. ಯಾರು ಹೊಡೆದಿದ್ದರೋ. ಎರಡು ತಿಂಗಳಿಗೆ ಮೂಗಿನಲ್ಲಿ ರಕ್ತ ಬಂತು, ಒಸಡು ಬಿಳುಚಿಕೊಂಡಿತು. ಉಣ್ಣೆ ಕಚ್ಚಿ ಬರುವ ಜ್ವರ, ಪ್ಲೇಟ್‌ಲೆಟ್ ಇಳಿದಿತ್ತು. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟ ಮೇಲೆ ಚೇತರಿಸಿಕೊಂಡ. ಬೆಳೆದ ನಾಯಿ ತರುವವರು ಮೊದಲ ವಾರವೇ ರಕ್ತ ಪರೀಕ್ಷೆ ಮಾಡಿಸಿ. ನಾನು ಮಾಡಿಸಿರಲಿಲ್ಲ, ಆ ತಪ್ಪಿಗೆ ಅವನು ನರಳಿದ.

ಪಟಾಕಿ ಅಂದರೆ ಈಗಲೂ ನಡುಕ. ದಸರಾ ಆನೆ, ಕುದುರೆಗಳಿಗೆ ಸದ್ದಿಗೆ ಬೆದರದಿರಲಿ ಅಂತ ಮುಂಚಿತವಾಗಿ ಫಿರಂಗಿ ಸಿಡಿಸಿ ಕುಶಾಲತೋಪಿನ ತಾಲೀಮು ಕೊಡುತ್ತಾರಲ್ಲ, ಅದನ್ನು ನೆನೆದು ಮೊಬೈಲಿನಲ್ಲಿ ಪಟಾಕಿ ಸದ್ದು ತುಂಬ ಸಣ್ಣಗೆ ಹಾಕಿ ಕಡಲೆಕಾಯಿ ತಿನ್ನಿಸುತ್ತಾ ಅಭ್ಯಾಸ ಮಾಡಿಸುತ್ತಿದ್ದೇನೆ. ಸ್ವಲ್ಪ ಪರವಾಗಿಲ್ಲ. ದೀಪಾವಳಿಯ ಮೂರು ರಾತ್ರಿ ಮಾತ್ರ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅವನ ಜೊತೆ ಕೂರುತ್ತೇನೆ.

ನಂಬಿಕೆ ಬಂದ ದಿನ ನೆನಪಿದೆ. ಅವರೆಕಾಯಿ ಕಾಲ. ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದೆ. ಕುಂಟುತ್ತಾ ಬಂದ, ಒಂದು ಮಾರು ದೂರದಲ್ಲಿ ಕೂತ, ಸ್ವಲ್ಪ ಹೊತ್ತಿಗೆ ಇನ್ನೂ ಹತ್ತಿರ ಬಂದ. ಆಮೇಲೆ ಗದ್ದವನ್ನು ನನ್ನ ಪಾದದ ಮೇಲಿಟ್ಟು ಉಸ್ಸಂತ ಉಸಿರು ಬಿಟ್ಟ. ಕಾಲು ಜೋಮು ಹಿಡಿದರೂ ನಾನು ಅಲ್ಲಾಡಲಿಲ್ಲ. ಚಿನ್ನು ಮೊದಲ ದಿನವೇ ಮಡಿಲಿಗೆ ಹತ್ತಿದ್ದಳು. ಇವನಿಗೆ ಮೂರು ತಿಂಗಳು ಬೇಕಾಯಿತು.

ಇಬ್ಬರೂ ಒಂದೇ ಅಡುಗೆ ಉಣ್ಣುತ್ತಾರೆ. ಈರುಳ್ಳಿ ಹಾಕಿದ ಸಾರು ಮಾತ್ರ ಇಬ್ಬರಿಗೂ ಹಾಕುವುದಿಲ್ಲ, ಅದು ನಾಯಿಗಳ ರಕ್ತಕ್ಕೇ ಕೆಟ್ಟದ್ದು.

ನನ್ನನ್ನು ಕೇಳಿದರೆ, ಕೆಲಸಕ್ಕೆ ಹೋಗುವವರಿಗೆ, ವಯಸ್ಸಾದವರಿಗೆ ಬೆಳೆದ ನಾಯಿಯೇ ಸರಿ. ಮನೆಯಲ್ಲಿ ಸದಾ ಒಬ್ಬರಿದ್ದು, ಒಂದು ವರ್ಷ ನಿದ್ದೆ, ಚಪ್ಪಲಿ ಎರಡೂ ಬಿಟ್ಟುಕೊಡಲು ತಯಾರಿದ್ದರೆ ಮರಿ ತನ್ನಿ. ನಾನು ಮತ್ತೊಮ್ಮೆ ತಂದರೆ ಬೆಳೆದದ್ದನ್ನೇ ತರುತ್ತೇನೆ. ತರುವ ಮೊದಲು ಎರಡು ಮೂರು ಸಲ ಅದು ಇರುವ ಜಾಗಕ್ಕೇ ಹೋಗಿ ಸುಮ್ನೆ ಹತ್ತಿರ ಕೂತು ಬನ್ನಿ. ಅದಕ್ಕೆ ಊಟ ಹಾಕುತ್ತಿದ್ದವರನ್ನು ಮಾತಾಡಿಸಿ, ಅದರ ಭಯ, ಇಷ್ಟ ಎಲ್ಲ ಅವರಿಗೇ ಗೊತ್ತಿರುತ್ತದೆ.

ಕರಿಯನ ಕಾಲು ವಾಸಿಯಾಗಿ ಬಹಳ ದಿನವಾಯಿತು, ವಾಪಸ್ ಬಿಡುವ ಮಾತನ್ನು ಯಾರೂ ಎತ್ತಲಿಲ್ಲ. ಹೂವಿನಮ್ಮ ಈಗಲೂ ದಿನಾ ಬರುತ್ತಾರೆ. ಬೀದಿ ತಿರುವಿನಲ್ಲಿ ಅವರ ದನಿ ನಮಗೆ ಕೇಳುವ ಮೊದಲೇ ಅವನು ಎದ್ದು ಗೇಟಿನ ಹತ್ತಿರ ನಿಂತಿರುತ್ತಾನೆ.