ಮರಳುಗಲ್ಲು ಗುರುತಿಸಲು ನಿಂಬೆಹಣ್ಣೋ, ಚಾಕುವೋ, ಭೂತಗನ್ನಡಿಯೋ?

ಜಗಲಿಯ ಮೇಲೆ ಮೂರು ಚೂರು ಇಟ್ಟುಕೊಂಡಿದ್ದೇನೆ. ಬಾದಾಮಿಯಲ್ಲಿ ಮನೆ ಕಟ್ಟುತ್ತಿದ್ದವರ ರಾಶಿಯಿಂದ ಕೇಳಿ ತಂದ ಕೆಂಪು ಮರಳುಗಲ್ಲು, ಇಳಕಲ್ಲಿನ ಗುಲಾಬಿ ಗ್ರಾನೈಟ್, ನಮ್ಮ ಅಡುಗೆಮನೆಗೆ ಹಾಸಿ ಉಳಿದ ಶಹಾಬಾದ್ ಕಲ್ಲು. (ಗುಹೆಗಳ ಹತ್ತಿರದ ಕಲ್ಲನ್ನು ಮುಟ್ಟಿಲ್ಲ, ಅದು ಸಂರಕ್ಷಿತ ಜಾಗ.)

‘ಪದರು ಕಂಡರೆ ಮರಳುಗಲ್ಲು’ ಅನ್ನುವ ಮಾತು ಮೊದಲ ದಿನವೇ ಬಿದ್ದುಹೋಯಿತು. ಶಹಾಬಾದ್ ಕಲ್ಲೂ ಪದರು ಶಿಲೆಯೇ, ಆದರೆ ಅದು ಸುಣ್ಣದ ಕಲ್ಲು. ಬಾದಾಮಿಯ ಬಂಡೆಗಳಲ್ಲಿ ಎದ್ದು ಕಾಣುವ ಓರೆ ಪದರುಗಳು ನನ್ನ ಅಂಗೈಯಗಲದ ಚೂರಿನಲ್ಲಿ ಇರಲೇ ಇಲ್ಲ.

ನಿಂಬೆರಸ ಅರ್ಧ ಕೆಲಸ ಮಾಡಿತು. ಶಹಾಬಾದ್ ಕಲ್ಲನ್ನು ಕೆರೆದು, ಆ ಪುಡಿಯ ಮೇಲೆ ಹಿಂಡಿದರೆ ಸಣ್ಣಗೆ ಗುಳ್ಳೆ ಬಂತು. ಉಳಿದೆರಡೂ ಸುಮ್ಮನಿದ್ದವು. ಅಂದರೆ ಸುಣ್ಣ ಸಿಕ್ಕಿತು, ಮರಳು ಸಿಗಲಿಲ್ಲ. ಸಾಲದ್ದಕ್ಕೆ, ಕಣಗಳ ನಡುವಿನ ಅಂಟು ಸುಣ್ಣದ್ದಾಗಿದ್ದರೆ ಮರಳುಗಲ್ಲೂ ಗುಳ್ಳೆ ಬಿಡುತ್ತದೆ.

ಚಾಕು ನನ್ನನ್ನು ಚೆನ್ನಾಗಿಯೇ ಏಮಾರಿಸಿತು. ಬಾದಾಮಿ ಚೂರನ್ನು ಕೆರೆದಾಗ ಪುಡಿ ಉದುರಿತು. ‘ಮೆತ್ತನೆ ಕಲ್ಲು’ ಎಂದು ಬರೆದುಕೊಂಡೆ. ಆಮೇಲೆ ಅದೇ ಪುಡಿಯನ್ನು ಹಳೇ ಗಾಜಿನ ತುಂಡಿನ ಮೇಲೆ ಉಜ್ಜಿದರೆ ಗಾಜಿನ ತುಂಬ ಗೀರು! ಉದುರಿದ್ದು ಬೆಣಚಿನ ಕಣ, ಖನಿಜಗಳ ಗಡಸುತನ ಅಳೆಯುವ, 1ರಿಂದ 10ರವರೆಗಿನ ಮೋಹ್ಸ್ ಮಾಪಕದಲ್ಲಿ ಅದರ ಗಡಸುತನ 7. ಚಾಕುವಿನದು ಹೆಚ್ಚುಕಡಿಮೆ ಐದೂವರೆ. ಚಾಕುವಿಗೆ ಸೋತದ್ದು ಕಣವಲ್ಲ, ಅವನ್ನು ಹಿಡಿದಿದ್ದ ಅಂಟು. 578ರ ಶಾಸನವಿರುವ ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯರ ಉಳಿ ಅಷ್ಟು ನಯವಾಗಿ ಓಡಿದ್ದು ಹೇಗೆಂದು ಅಂದು ಸ್ವಲ್ಪ ಹೊಳೆಯಿತು. ಗ್ರಾನೈಟಿನಲ್ಲಿ ಅಷ್ಟು ಸಲೀಸಲ್ಲ.

ನನ್ನ ಓಟು ಹತ್ತು ಪಟ್ಟಿನ ಭೂತಗನ್ನಡಿಗೆ. ಆದರೆ ಹೊಸದಾಗಿ ಒಡೆದ ಮುಖವನ್ನೇ ನೋಡಬೇಕು, ಬಿಸಿಲು ಮಳೆಗೆ ಮಾಸಿದ ಮೈ ಏನೂ ಹೇಳುವುದಿಲ್ಲ. ಮರಳುಗಲ್ಲು ಮುರಿದ ರವೆ ಉಂಡೆಯ ಹಾಗೆ ಕಂಡಿತು: ಬಿಡಿಬಿಡಿ ಕಾಳು, ಒಂದೊಂದಕ್ಕೂ ತುಕ್ಕಿನ ತೆಳುವಾದ ಲೇಪ. ಕೆಂಪು ಬಣ್ಣ ಆ ಕಬ್ಬಿಣದ್ದು, ಕಾಳಿನದಲ್ಲ. ಗ್ರಾನೈಟಿನಲ್ಲಿ ಹರಳುಗಳು ಸಂದೇ ಇಲ್ಲದಂತೆ ಒಂದಕ್ಕೊಂದು ಹೆಣೆದುಕೊಂಡಿವೆ, ಓರೆ ಹಿಡಿದರೆ ಚಪ್ಪಟೆ ಮುಖಗಳು ಮಿಂಚುತ್ತವೆ. ಶಹಾಬಾದಿನಲ್ಲಿ ಕಣ ಕಾಣಲೇ ಇಲ್ಲ.

ಕಾಳಿನ ಗಾತ್ರವನ್ನು ಸ್ಕೇಲಿನ ಪಕ್ಕ ಇಟ್ಟು ನೋಡಿ. 2 ಮಿಲಿಮೀಟರಿಗಿಂತ ದೊಡ್ಡವೇ ತುಂಬಿದ್ದರೆ ಅದನ್ನು ಮರಳುಗಲ್ಲು ಅನ್ನುವುದಿಲ್ಲ. ಒಡೆದ ಗೆರೆ ಕಾಳುಗಳನ್ನು ಬಳಸಿ ಹೋಗದೆ ಸೀಳಿಕೊಂಡೇ ಹೋಗಿದ್ದರೆ, ಅದು ಮರಳಿನ ಕಾಳುಗಳೆಲ್ಲ ಬೆಸೆದು ಗಟ್ಟಿಯಾದ ಶಿಲೆ, ಅಂದರೆ ಕ್ವಾರ್ಟ್‌ಜೈಟ್ ಇರಬಹುದು. ಅಂಥ ಚೂರು ಇನ್ನೂ ನನ್ನ ಕೈಗೆ ಸಿಕ್ಕಿಲ್ಲ, ಜಗಲಿಯಲ್ಲಿ ಜಾಗವಂತೂ ಇದೆ.