ಸೈನಸ್‌ಗೆ ಬಲೂನಾ, ಎಂಡೋಸ್ಕೋಪ್ ಸರ್ಜರಿನಾ? ಎರಡೂ ಮಾಡಿಸಿಕೊಂಡ ನನ್ನ ಅನುಭವ

ನನಗೆ ಮೂಗು ಕಟ್ಟಿತು ಅಂದರೆ ತೀರ್ಥಹಳ್ಳಿ ಕಡೆ ಮಳೆ ಹಿಡಿದ ಹಾಗೆ, ಬಿಡುವ ಮಾತೇ ಇರಲಿಲ್ಲ. ಮೂಗಿನ ಸುತ್ತ ಮೂಳೆಯೊಳಗೆ ಇರುವ ಗಾಳಿಯ ಗೂಡುಗಳೇ ಸೈನಸ್. ಅವುಗಳ ಊತ 12 ವಾರ ದಾಟಿದರೆ ಕ್ರಾನಿಕ್ ಸೈನುಸೈಟಿಸ್ ಅಂತಾರೆ. ನನ್ನದು ಆರು ವರ್ಷ. ಕೆನ್ನೆ ಭಾರ, ಗಂಟಲಿಗೆ ಇಳಿಯುವ ಕಫ, ಕೊನೆಗೆ ವಾಸನೆಯೂ ಹೋಯಿತು. ಅಡಿಕೆ ಬೇಯಿಸುವ ಹಂಡೆ ಪಕ್ಕದಲ್ಲೇ ನಿಂತಿದ್ದರೂ ಚೊಗರಿನ ವಾಸನೆ ಗೊತ್ತಾಗುತ್ತಿರಲಿಲ್ಲ.

ಸ್ಟೀರಾಯ್ಡ್ ಸ್ಪ್ರೇ, ಉಪ್ಪುನೀರು ಎಲ್ಲ ತಿಂಗಳುಗಟ್ಟಲೆ ಮಾಡಿದೆ. ಆಮೇಲೆ ದೂರದ ಊರಿನ ಒಂದು ಆಸ್ಪತ್ರೆಯಲ್ಲಿ ಬಲೂನ್ ಮಾಡಿಸಿದೆ. ಮೂಗಿನೊಳಗೆ ತೆಳು ತಂತಿ ಹಾಕಿ, ಸೈನಸ್‌ನ ಬಾಯಿಗೆ ಪುಟ್ಟ ಬಲೂನ್ ತಲುಪಿಸಿ, ಕೆಲವೇ ಸೆಕೆಂಡ್ ಉಬ್ಬಿಸಿ ದಾರಿ ಅಗಲ ಮಾಡುತ್ತಾರೆ. ಏನನ್ನೂ ಕೊಯ್ಯುವುದಿಲ್ಲ. ಎರಡು ದಿನ ಸ್ವಲ್ಪ ರಕ್ತ ಸೋರಿತು, ಮೂರನೇ ದಿನ ತೋಟಕ್ಕೆ ಹೋದೆ. ಹಣೆಯ ಭಾರ ನಿಜವಾಗಿಯೂ ಇಳಿದಿತ್ತು. ಆದರೆ ಮುಂದಿನ ಮಳೆಗಾಲಕ್ಕೆ ಎಲ್ಲಾ ವಾಪಸ್.

ಶಿವಮೊಗ್ಗದ ಡಾಕ್ಟರು ಹಳೇ ಸಿ.ಟಿ. ಫಿಲ್ಮು, ಹೊಸದು ಎರಡನ್ನೂ ಲೈಟಿನ ಮೇಲೆ ಪಕ್ಕಪಕ್ಕ ಇಟ್ಟು, ಎರಡು ಕಣ್ಣುಗಳ ನಡುವಿನ ಜಾಗಕ್ಕೆ ಪೆನ್ನಿನ ತುದಿ ಇಟ್ಟರು. ಗಾಳಿ ಇದ್ದರೆ ಅಲ್ಲಿ ಕಪ್ಪಗೆ ಕಾಣಬೇಕು. ನನ್ನದು ಎರಡರಲ್ಲೂ ಬೂದಿ ಬಣ್ಣ. ಅದು ಎತ್ಮಾಯ್ಡ್ ಸೈನಸ್, ಜೇನುಗೂಡಿನ ಹಾಗೆ ಸಣ್ಣ ಸಣ್ಣ ಗೂಡುಗಳು. ಕೆನ್ನೆ, ಹಣೆ ಮತ್ತು ಮೂಗಿನ ಹಿಂದಿನ ಸೈನಸ್‌ಗಳಿಗೆ ಒಂದು ಬಾಗಿಲು ಅಂತ ಇರುತ್ತದೆ, ಬಲೂನ್ ಅಲ್ಲಿ ನಡೆಯುತ್ತದೆ. ಈ ಗೂಡುಗಳಲ್ಲಿ ಬಲೂನ್ ಉಬ್ಬಿಸೋಕೆ ಆಗುವುದಿಲ್ಲ. ಪಾಲಿಪ್, ಅಂದರೆ ಒಳಗೆ ಬೆಳೆಯುವ ಮೆತ್ತನೆ ಗಂಟು, ಇದ್ದರೆ ಅದನ್ನು ಬಲೂನ್ ತೆಗೆಯುವುದೂ ಇಲ್ಲ, ಮತ್ತು ನನಗೆ ಪಾಲಿಪ್ ಇತ್ತು. ಮೊದಲೇ ಯಾರಾದರೂ ಹೀಗೆ ತೋರಿಸಿದ್ದರೆ ಅಂತ ಅವತ್ತು ತುಂಬಾ ಬೇಜಾರಾಯಿತು, ಇವತ್ತಿಗೂ ಇದೆ.

ಎರಡನೇದು ಎಫ್‌ಇಎಸ್‌ಎಸ್, ಅಂದರೆ ಸೈನಸ್‌ನ ಎಂಡೋಸ್ಕೋಪ್ ಸರ್ಜರಿ. ಪೂರ್ತಿ ಅರಿವಳಿಕೆ ಕೊಟ್ಟು ಮೂಗಿನ ಹೊಳ್ಳೆಯಿಂದಲೇ ಎಂಡೋಸ್ಕೋಪ್, ಅಂದರೆ ಒಳಗೆ ನೋಡುವ ತೆಳು ಕೊಳವೆ, ಹಾಕುತ್ತಾರೆ, ಮುಖದ ಮೇಲೆ ಗಾಯ ಇಲ್ಲ. ಹಿಂದೆಲ್ಲ ಮೇಲ್ದುಟಿಯ ಒಳಗೆ ಒಸಡು ಕೊಯ್ದು ಕೆನ್ನೆಯ ಮೂಳೆ ತೂತು ಮಾಡುತ್ತಿದ್ದರಂತೆ. ಆದರೆ ಸೈನಸ್‌ನ ಒಳಗಿನ ಸಣ್ಣ ರೋಮಗಳು ಕಫವನ್ನು ಹುಟ್ಟಿನಿಂದ ಇರುವ ಬಾಗಿಲಿನ ಕಡೆಗೇ ತಳ್ಳುತ್ತವೆ, ಬೇರೆ ಕಡೆ ತೂತು ಮಾಡಿದರೂ ಅಷ್ಟೇ. ಆಸ್ಟ್ರಿಯಾದ ಗ್ರಾಜ್ ಊರಿನ ಮೆಸ್ಸರ್‌ಕ್ಲಿಂಗರ್ ಅನ್ನೋ ಡಾಕ್ಟರು ಇದನ್ನು ತೋರಿಸಿಕೊಟ್ಟ ಮೇಲೆ, ಆ ಬಾಗಿಲನ್ನೇ ತೆರೆಯುವ ಈ ವಿಧಾನ ಬೆಳೆಯಿತು.

ಇದು ಬಲೂನಿನಷ್ಟು ಸುಲಭ ಅಲ್ಲ, ಸುಳ್ಳು ಹೇಳಲಾರೆ. ಮೊದಲ ವಾರ ಬಾಯಲ್ಲೇ ಉಸಿರು, ಎರಡು ದಿಂಬು ಇಟ್ಟು ನಿದ್ದೆ, ಸೀನಿದರೂ ಬಾಯಿ ತೆರೆದೇ ಸೀನಬೇಕು. ಮೂಗು ಸೀಟುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ಅಡಿಕೆ ಕೊಯ್ಲು ನಡೆಯುತ್ತಿದ್ದಾಗ ಒಂದು ಗೊನೆ ಮುಟ್ಟದೆ ಜಗುಲಿ ಮೇಲೆ ಕೂತಿದ್ದೆ. ಆಪರೇಷನ್‌ಗಿಂತ, ಆಮೇಲೆ ಡಾಕ್ಟರು ಒಳಗಿನ ಹಕ್ಕಳೆ ಬಿಡಿಸುವಾಗಲೇ ಜಾಸ್ತಿ ನೋವಾಯಿತು. ಕಣ್ಣು, ಮಿದುಳು ಹತ್ತಿರವೇ ಇರುವುದರಿಂದ ಅಪಾಯ ಅಪರೂಪವಾದರೂ ಇದ್ದೇ ಇದೆ, ಸಹಿ ಹಾಕುವ ಮೊದಲು ಕೇಳಿ ತಿಳಿದುಕೊಳ್ಳಿ.

ಖರ್ಚು? ಬಲೂನ್ ಚಿಕ್ಕ ಕೆಲಸ, ಕಡಿಮೆ ಆಗುತ್ತದೆ ಅಂದುಕೊಂಡಿದ್ದೆ. ನನಗೆ ಬಲೂನಿನ ಬಿಲ್ಲೇ ಜಾಸ್ತಿ ಬಂತು.

ಪಾಲಿಪ್ ಇಲ್ಲದೆ, ಹಣೆ ಅಥವಾ ಕೆನ್ನೆಯ ಬಾಗಿಲು ಮಾತ್ರ ಕಟ್ಟಿದ್ದರೆ ನಾನು ಬಲೂನನ್ನೇ ಆರಿಸುತ್ತೇನೆ. ನನ್ನಂಥ ಮೂಗಿಗೆ ಎಫ್‌ಇಎಸ್‌ಎಸ್ಸೇ ಸರಿ. ಎರಡು ಮಳೆಗಾಲ ಕಳೆದಿದೆ. ಮಾಗಿದ ಹಲಸು ಕೊಟ್ಟಿಗೆಯಲ್ಲಿದ್ದರೆ ಅಂಗಳಕ್ಕೇ ವಾಸನೆ ಸಿಗುತ್ತದೆ.

ಪಾಲಿಪ್ ಮತ್ತೆ ಬೆಳೆಯಬಹುದು ಅಂತ ಸ್ಪ್ರೇ ಬಿಟ್ಟಿಲ್ಲ, ಉಪ್ಪುನೀರೂ ಬಿಟ್ಟಿಲ್ಲ. ಬಾವಿ ನೀರು, ನಲ್ಲಿ ನೀರು ಸುಮ್ನೆ ಹಾಗೇ ಮೂಗಿಗೆ ಹಾಕಬೇಡಿ, ಅದರಲ್ಲಿ ಜೀವಕ್ಕೇ ಅಪಾಯ ಮಾಡುವ ಅಮೀಬಾ ಇರಬಹುದು. ನಾನು ರಾತ್ರಿಯೇ ನೀರು ಕುದಿಸಿ ಮುಚ್ಚಿಟ್ಟು, ಬೆಳಿಗ್ಗೆ ಉಪ್ಪು ಹಾಕಿಕೊಳ್ಳುತ್ತೇನೆ.